ಸೋಮಾರಿಗೂ ಒಲಿಯುವ ಸೊಪ್ಪುಗಳು

ಕೈತೋಟ ಎಂದೊಡನೆ ನರ್ಸರಿಗೆ ಓಡಿ ಟೊಮೆಟೊ, ದಪ್ಪಮೆಣಸಿನಕಾಯಿ ಸಸಿ ತರುವವರೇ ಹೆಚ್ಚು. ಬಿಸಿಲು, ಗೊಬ್ಬರ, ಆರೈಕೆ ಎಲ್ಲವನ್ನೂ ಕೇಳುವ ಗಿಡಗಳವು. ಎಲೆ ಮುರುಟಿತೆಂದರೆ ಉತ್ಸಾಹವೂ ಮುರುಟುತ್ತದೆ. ದಿನಕ್ಕೆ ಹತ್ತು ನಿಮಿಷ ಮಾತ್ರ ಕೊಡಬಲ್ಲವರು ಸೊಪ್ಪಿನಿಂದ ಶುರುಮಾಡುವುದು ಜಾಣತನ. ಬೀಜ ಹುಡುಕಿ ಅಲೆಯಬೇಕಿಲ್ಲ. ಅಡುಗೆಮನೆಯ ಡಬ್ಬದಲ್ಲಿ, ಸಂತೆಯಿಂದ ತಂದ ಸೊಪ್ಪಿನ ಕಟ್ಟಿನಲ್ಲೇ ಅದು ಇರುತ್ತದೆ.

ಮೊದಲು ಮಣ್ಣು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಕೊಕೊಪೀಟ್ ಸಮಪಾಲು ಬೆರೆಸಿ. ಹಸಿ ಸಗಣಿ ಬೇಡ, ಬೇರು ಸುಡುತ್ತದೆ. ಮೆಂತ್ಯ, ಹರಿವೆಗೆ ಆರಿಂಚು ಆಳದ ಅಗಲ ಟಬ್ ಸಾಕು, ತಳದಲ್ಲಿ ತೂತು ಮಾತ್ರ ಇರಲೇಬೇಕು.

ಮೆಂತ್ಯಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಮಣ್ಣಿನ ಮೇಲೆ ಒತ್ತಾಗಿ ಹರಡಿ, ಅರ್ಧ ಇಂಚು ಮಣ್ಣು ಮುಚ್ಚಿ ನೀರು ಚಿಮುಕಿಸಿ. ಮೂರ್ನಾಲ್ಕು ದಿನಕ್ಕೆ ಮೊಳಕೆ, 20–25 ದಿನಕ್ಕೆ ಸೊಪ್ಪು. ಎಲ್ಲ ಟಬ್‌ಗೂ ಒಂದೇ ದಿನ ಬಿತ್ತಿದರೆ ವಾರವಿಡೀ ಮೆಂತ್ಯ ಪಲ್ಯವೇ ಗತಿ. ಹತ್ತು ದಿನಕ್ಕೊಂದು ಟಬ್ ಬಿತ್ತಿ. ಹರಿವೆ ಬೀಜ ತೀರಾ ಸಣ್ಣದು, ಮರಳಿನಲ್ಲಿ ಬೆರೆಸಿ ಚೆಲ್ಲಿದರೆ ಒಂದೇ ಕಡೆ ಗುಡ್ಡೆಯಾಗುವುದಿಲ್ಲ.

ನನ್ನ ಪಕ್ಷಪಾತವೆಲ್ಲ ಬಸಳೆಗೆ. ಕಟ್ಟಿನಲ್ಲಿ ಬಲಿತ ದಂಟೊಂದನ್ನು ಆರಿಸಿ, ಗೇಣುದ್ದ ಕತ್ತರಿಸಿ, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ನೆಡಿ. ಚಿಗುರು ಬರುವವರೆಗೆ ಅರೆನೆರಳು, ಆಮೇಲೆ ಬಿಸಿಲು. ಕರಾವಳಿಯಲ್ಲಿ ಇದಕ್ಕೆ ಚಪ್ಪರವನ್ನೇ ಹಾಕುತ್ತಾರೆ. ಫ್ಲ್ಯಾಟಿನಲ್ಲಿ ಬಾಲ್ಕನಿಯ ಸರಳಿಗೆ ಹುರಿ ಕಟ್ಟಿದರೂ ಹಬ್ಬುತ್ತದೆ. ತುದಿ ಚಿವುಟಿದಷ್ಟೂ ಕವಲೊಡೆಯುವುದರಿಂದ ಸಂಕೋಚವಿಲ್ಲದೆ ಕೊಯ್ಯಿರಿ. ಎಲೆಯಲ್ಲಿ ಕೆಂಪಂಚಿನ ಚುಕ್ಕಿ ಕಂಡರೆ ಆ ಎಲೆಗಳನ್ನು ಕಿತ್ತೆಸೆಯಿರಿ, ಸಂಜೆ ಎಲೆ ಮೇಲೆ ನೀರು ಸುರಿಯಬೇಡಿ. ಹಲಸಿನ ಬೀಜ ಸೇರಿಸಿದ ಬಸಳೆ ಹುಳಿ ಉಂಡವರಿಗೆ ಇಷ್ಟು ಪಾಡು ಹೆಚ್ಚೆನಿಸದು.

ಬಿಸಿಲು ಕಮ್ಮಿಯಿದ್ದರೆ ಪುದೀನ, ಒಂದೆಲಗ. ಪುದೀನ ಕಡ್ಡಿ ಲೋಟದ ನೀರಿನಲ್ಲಿ ವಾರದೊಳಗೆ ಬೇರು ಬಿಡುತ್ತದೆ. ಒಂದೆಲಗ ನಲ್ಲಿಯ ಬುಡದ ತೇವದಲ್ಲಿ ತಾನೇ ಹರಡುತ್ತದೆ. ನೀರು ಹಾಕಲು ಮರೆಯುವವರಿಗೆ ದೊಡ್ಡಪತ್ರೆ ಹೇಳಿಮಾಡಿಸಿದ ಗಿಡ: ಅತಿ ನೀರಿಗೆ ಕೊಳೆಯುತ್ತದೆಯೇ ಹೊರತು ಅಲಕ್ಷ್ಯಕ್ಕೆ ಅಂಜದು.

ಚಕ್ರಮುನಿಯೂ ಸುಲಭದ ಗಿಡ, ಆದರೆ ಬೇಯಿಸಿ, ಹಿತಮಿತವಾಗಿ ತಿನ್ನಿ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ಅತಿಯಾಗಿ ಕುಡಿದ ಹಲವರ ಶ್ವಾಸಕೋಶ ಕೆಟ್ಟಿತು.

ನೀರಿಗೆ ವೇಳಾಪಟ್ಟಿ ಬೇಡ. ಬೆರಳನ್ನು ಒಂದಿಂಚು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಡೆಂಗಿ ಸೊಳ್ಳೆ ಹುಟ್ಟಲು ಅಷ್ಟು ನೀರೇ ಸಾಕು. ಹೇನು ಮುತ್ತಿದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ, ಬಿಸಿಲಿಳಿದ ಮೇಲೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ.

ನಾಲ್ಕು ದಿನ ಊರಿಗೆ ಹೊರಟಿದ್ದೀರಾ? ಕುಂಡಗಳನ್ನು ನೆರಳಿನಲ್ಲಿ ಒತ್ತೊತ್ತಾಗಿಟ್ಟು, ಚೆನ್ನಾಗಿ ನೀರುಣಿಸಿ, ಮಣ್ಣಿಗೆ ತರಗೆಲೆ ಹೊದಿಸಿ. ಕೊಯ್ಲಿಗೆ ಬಂದ ಮೆಂತ್ಯ ಕಾಯುವುದಿಲ್ಲ, ಅದನ್ನು ಕಿತ್ತು ಜೊತೆಗೇ ಕಟ್ಟಿಕೊಂಡು ಹೋಗಿ.