ಕಡಲು ಬಲ್ಲವರೊಬ್ಬರು ಜೊತೆಗಿರಲಿ

ಹಿರಿಮಗಳ ಮದುವೆ ಉಡುಪಿಯಲ್ಲಿ, ಮೇ ಕೊನೆಯ ವಾರ. ಗದಗದ ಬೀಗರು ಎರಡು ಬಸ್ಸು ಮಾಡಿಕೊಂಡು ಹಿಂದಿನ ದಿನ ಬೆಳಿಗ್ಗೆಯೇ ಬಂದಿಳಿದರು. ಊಟ, ವಸತಿ, ಸ್ನಾನದ ಬಿಸಿನೀರು ಎಲ್ಲವನ್ನೂ ಯೋಚಿಸಿದ್ದೆ. ಮುಹೂರ್ತದವರೆಗೆ ಅಷ್ಟು ಜನ ಹೊತ್ತು ಹೇಗೆ ಕಳೆದಾರು ಎಂಬುದು ಮಾತ್ರ ತಲೆಗೆ ಬಂದಿರಲಿಲ್ಲ. ಅಳಿಯನ ಅಜ್ಜಿ ಬಸ್ಸಿಳಿದು ಮೊದಲು ಕೇಳಿದ್ದೇ, "ಬೀಗರ, ಸಮುದ್ರ ಇಲ್ಲಿಂದ ಎಷ್ಟ್ ದೂರ ಐತ್ರಿ?" ಎಪ್ಪತ್ತು ದಾಟಿದ ಅವರು ಕಡಲು ಕಂಡವರಲ್ಲ.

ಮಲ್ಪೆಗೆ ಐದಾರು ಕಿಲೋಮೀಟರು. ಊಟ ಮುಗಿಸಿ ಹೋಗಿಬನ್ನಿ ಎಂದು ಕಳಿಸಿದೆ. ಮೇ ತಿಂಗಳ ನಡುಮಧ್ಯಾಹ್ನ ಮರಳ ಮೇಲೆ ಕಾಲಿಡಲಾಗದು. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣವೆಂದರೆ ಮಳೆಗಾಲ ಹತ್ತಿರವಾಯಿತೆಂದು ದೋಣಿ ನಿಲ್ಲಿಸಿದ್ದರು. ಅಜ್ಜಿ ಬಸ್ಸಿನ ಕಿಟಕಿಯಿಂದಲೇ ಕಡಲು ನೋಡಿದರು. ಹುಡುಗರು ನೀರಿಗಿಳಿದರು. ಕೆರೆ, ಬಾವಿಗಳಲ್ಲಿ ಈಜು ಕಲಿತವರು; ಮರಳುವ ಅಲೆ ಕಾಲಡಿಯ ಮರಳನ್ನೇ ಸೆಳೆದೊಯ್ಯುತ್ತದೆಂದು ಅವರಿಗೆ ಹೇಳಿದವರಿಲ್ಲ. ಒಬ್ಬ ಸೆಳೆತಕ್ಕೆ ಸಿಕ್ಕಿದ. ದಡದಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರರಿಬ್ಬರು ಹಾರಿ ಎಳೆದು ತಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೆಳೆತ ಬಲ್ಲ ನಾನೇ ಅವರನ್ನು ಒಂಟಿಯಾಗಿ ಕಳಿಸಿದ್ದೆ.

ಮೂರು ವರ್ಷದ ಬಳಿಕ ಕಿರಿಮಗಳ ಮದುವೆ ಡಿಸೆಂಬರಿಗೆ ನಿಶ್ಚಯವಾಯಿತು. ಗದಗದ ನೆಂಟರೂ ಬರುವವರಿದ್ದರು. ಈ ಸಲ ಹನ್ನೊಂದು ಜಾಗಗಳ ಪಟ್ಟಿ ಬರೆದೆ. ಹೆಂಡತಿ ಓದಿ, ಮೂರು ಉಳಿಸಿ ಮಿಕ್ಕದ್ದನ್ನು ಹೊಡೆದುಹಾಕಿದಳು. ಅವಳು ಮಾಡಿದ್ದೇ ಸರಿ. ಮದುವೆಗೆ ಬಂದವರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಸಾಕು, ಮಧ್ಯಾಹ್ನ ಮಲಗಲಿ.

ಬೆಳಗಿನ ಜಾವ ಮಲ್ಪೆ ಬಂದರು. ಬೋಟುಗಳಿಂದ ಬಂಗುಡೆ, ಬೂತಾಯಿ ಬುಟ್ಟಿಬುಟ್ಟಿಯಾಗಿ ಇಳಿಯುವುದು, ಮಂಜುಗಡ್ಡೆ ಪುಡಿಯಾಗುವ ಸದ್ದು, ಏಲಂ ಕೂಗು, ಕ್ಷಣದಲ್ಲಿ ಲೆಕ್ಕ ಮುಗಿಸುವ ಮೀನುಗಾರ್ತಿಯರು. ನಮ್ಮ ಊರಿನ ಅನ್ನ ಎಲ್ಲಿಂದ ಬರುತ್ತದೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಜಾಗ ನನಗೆ ಗೊತ್ತಿಲ್ಲ. ಮೀನು ತಿನ್ನದವರು ನೇರ ಕೃಷ್ಣಮಠಕ್ಕೆ ಹೋಗಿ ನವಗ್ರಹ ಕಿಂಡಿಯಲ್ಲಿ ದರ್ಶನ ಮಾಡಿಬಂದರು.

ಸಂಜೆ ಕಾಪು. 1901ರಲ್ಲಿ ಕಟ್ಟಿದ ದೀಪಸ್ತಂಭ ಬಂಡೆಯ ಮೇಲಿದೆ. ಸಂಜೆ ಸ್ವಲ್ಪ ಹೊತ್ತು ಮಾತ್ರ ಹತ್ತಲು ಬಿಡುತ್ತಾರೆ, ಮೊದಲೇ ವಿಚಾರಿಸಿದ್ದೆ. ಮಕ್ಕಳು ಮೇಲೆ ಹತ್ತಿದರು. ಅಜ್ಜಿ ನನ್ನ ಸೋದರಳಿಯನ ಕೈ ಹಿಡಿದು, ಸೀರೆ ಮೊಣಕಾಲಿಗೆತ್ತಿ, ಅಲೆಯಲ್ಲಿ ನಿಂತರು. ಬೊಗಸೆಯಲ್ಲಿ ನೀರೆತ್ತಿ ಸೂರ್ಯನಿಗೆ ಬಿಟ್ಟರು. ಕತ್ತಲಾಗುವವರೆಗೂ ಹೊರಡಲೊಪ್ಪಲಿಲ್ಲ.

ರಾತ್ರಿ ಹತ್ತಿರದ ಗದ್ದೆಯಲ್ಲಿ ಯಕ್ಷಗಾನದ ಹರಕೆಯಾಟವಿತ್ತು. ಮೇ ತಿಂಗಳಲ್ಲಿ ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ, ಹಿರಿಮಗಳ ಮದುವೆಗೆ ಆ ಭಾಗ್ಯವಿರಲಿಲ್ಲ. ಗದಗದ ಹಿರಿಯರೊಬ್ಬರು ಚೆಂಡೆಗೆ ಕಿವಿಗೊಟ್ಟು, "ನಮ್ಮ ದೊಡ್ಡಾಟದಂಗ ಐತ್ರಿ ಇದು" ಎಂದು ಬೆಳಗಿನವರೆಗೂ ಎದ್ದೇಳಲಿಲ್ಲ.

ಎರಡೂ ಬಸ್ಸಿಗೆ ಒಬ್ಬೊಬ್ಬ ಸೋದರಳಿಯನನ್ನು ನೇಮಿಸಿದ್ದೆ, ಇಬ್ಬರೂ ಕಡಲಲ್ಲಿ ಈಜಿ ಬೆಳೆದವರು. ಮದುವೆ ಖರ್ಚಿನಲ್ಲಿ ಇದಕ್ಕೆ ತಗಲಿದ್ದು ಅವರ ಎರಡು ದಿನ. ಕರಾವಳಿಯಲ್ಲಿ ಮದುವೆ ಇಟ್ಟುಕೊಂಡವರೇ, ನಿಮ್ಮ ಮನೆಯಿಂದಲೂ ಹಾಗೆ ಒಬ್ಬರನ್ನು ನೆಂಟರ ಜೊತೆ ಕಳಿಸಿ.