ಮುಟ್ಟದೆ ಸಲ್ಲುವ ಹಣ

ಅಂಗಡಿಯ ಯಂತ್ರದ ಸಮೀಪಕ್ಕೆ ಮೊಬೈಲ್ ಫೋನನ್ನು ಹಿಡಿದೊಡನೆ ಹಣ ಸಂದಾಯವಾಗುತ್ತದೆ. ಇದು ಹೇಗೆ ಸಾಧ್ಯ?

ಬದಲಾಗುವ ಕಾಂತಕ್ಷೇತ್ರವು ಬಳಿಯ ತಂತಿಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುವುದೆಂದು ಫ್ಯಾರಡೆ 1831ರಲ್ಲಿ ತೋರಿಸಿದನು. ಇಲ್ಲಿಯೂ ಅದೇ ತತ್ತ್ವ. ಯಂತ್ರದ ಸುರುಳಿಯು ಸೆಕೆಂಡಿಗೆ 1 ಕೋಟಿ 35 ಲಕ್ಷ 60 ಸಾವಿರ ಸಲ ಆಂದೋಲಿಸುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಫೋನಿನ ಸುರುಳಿಯು ಅದನ್ನು ಗ್ರಹಿಸಿ, ಆ ಕ್ಷೇತ್ರದಲ್ಲಿಯೇ ಅಲ್ಪ ವ್ಯತ್ಯಾಸಗಳನ್ನು ಮಾಡಿ ಉತ್ತರ ಕೊಡುತ್ತದೆ. ಈ ಸಂಭಾಷಣೆ ನಡೆಯುವುದು ಕೆಲವೇ ಸೆಂಟಿಮೀಟರುಗಳ ಅಂತರದಲ್ಲಿ.

ಕಳ್ಳನೊಬ್ಬನು ಇದನ್ನು ಕದ್ದು ಕೇಳಿದರೆ ಗತಿಯೇನು? ಆಪಲ್ ಪೇಯಂತಹ ವ್ಯವಸ್ಥೆಯಲ್ಲಿ ಕ್ರೆಡಿಟ್ ಕಾರ್ಡಿನ ನಿಜವಾದ ಸಂಖ್ಯೆ ಅಂಗಡಿಗೆ ಹೋಗುವುದೇ ಇಲ್ಲ. ಆ ಫೋನಿಗೆಂದೇ ಕೊಟ್ಟ ಬದಲಿ ಸಂಖ್ಯೆಯೂ, ಆ ಒಂದು ವ್ಯವಹಾರಕ್ಕೆ ಮಾತ್ರ ಸಲ್ಲುವ ಗುಪ್ತಸಂಕೇತವೂ ಹೋಗುತ್ತವೆ. ಬಳಸಿ ಮುಗಿದ ಸಂಕೇತದಿಂದ ಕಳ್ಳನಿಗೆ ಲಾಭವಿಲ್ಲ.

ಆದರೆ ಫೋನೊಂದಿದ್ದರೆ ಸಾಲದು. ಬ್ಯಾಂಕಿನ ಒಪ್ಪಿಗೆಯೂ ವರ್ತಕನ ಬಳಿ ತಕ್ಕ ಯಂತ್ರವೂ ಬೇಕು. ಆದ್ದರಿಂದಲೇ ಈ ಪದ್ಧತಿ ಎಲ್ಲ ದೇಶಗಳಲ್ಲಿ ಒಮ್ಮೆಗೇ ಹರಡಲಿಲ್ಲ. ಜಪಾನಿನಲ್ಲಿ ಫೋನಿನ ಪಾವತಿ 2004ರಲ್ಲಿಯೇ ಆರಂಭವಾಯಿತು. ಆಪಲ್ ಪೇ ಅಮೆರಿಕದಲ್ಲಿ ಮೊದಲಾದದ್ದು 2014ರ ಅಕ್ಟೋಬರಿನಲ್ಲಿ. ಬ್ರಿಟನ್ನಿಗೆ ಬಂದದ್ದು 2015ರ ಜುಲೈಯಲ್ಲಿ. ಲಂಡನ್ನಿನ ಬಸ್ಸುಗಳು 2012ರಿಂದಲೇ ಮುಟ್ಟದೆ ಓದಬಲ್ಲ ಕಾರ್ಡುಗಳನ್ನು ಸ್ವೀಕರಿಸುತ್ತಿದ್ದವು; ಪ್ರಯಾಣಿಕರು ಅದೇ ಯಂತ್ರಕ್ಕೆ ಫೋನನ್ನು ಹಿಡಿದರೆ ಸಾಕಾಯಿತು. ಹೊಸ ಸಾಧನವು ಬೇಗ ಬೇರೂರುವುದು ನೆಲ ಹದವಾಗಿರುವ ಕಡೆಯಲ್ಲಿಯೇ.