ಪಾಲು ಬೇಕಾದವರು ಸಾಲು ಹಿಡಿಯಬೇಕು



ಪೆದ್ದಕಡುಬೂರು, ಕೌತಾಳಂ, ಕೋಸಿಗಿ ಕಡೆಯ ನಮ್ಮ ಮಕ್ಕಳು ಆದೋನಿಗೆ ಹೋಗಿ ಡಿಗ್ರಿ ಓದುತ್ತಿರುವುದು ಸಂತೋಷದ ಸಂಗತಿ. ಆದರೆ ಓದಿನ ಜೊತೆಗೆ ಪ್ರಾಜೆಕ್ಟ್ ಎಂಬ ಗುಂಪಿನ ಕೆಲಸವೂ ಬಂದಿದೆ. ನಾಲ್ವರ ಗುಂಪಿನಲ್ಲಿ ಮೂವರು ದುಡಿಯುತ್ತಾರೆ, ಒಬ್ಬನು ಹೆಸರು ಮಾತ್ರ ಬರೆಸಿ ಅಂಕ ಪಡೆಯುತ್ತಾನೆ. ಇಂಥ ದೂರು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ದುಡಿಯದ ಜೊತೆಗಾರನೊಡನೆ ಹೇಗೆ ನಡೆದುಕೊಳ್ಳಬೇಕು? ಜಗಳವಾಡಬೇಕೋ, ಸುಮ್ಮನಿರಬೇಕೋ, ಮೇಷ್ಟ್ರಿಗೆ ಹೇಳಬೇಕೋ? ಈ ಸಲದ ಪಾಠದಲ್ಲಿ ಇದನ್ನೇ ವಿಚಾರ ಮಾಡೋಣ.

ಕೆಲಸದ ಸ್ವರೂಪ

ಆಂಧ್ರಪ್ರದೇಶದ ಉನ್ನತ ಶಿಕ್ಷಣ ಮಂಡಳಿಯು 2020-21ರಲ್ಲಿ ಪರಿಷ್ಕರಿಸಿದ ಡಿಗ್ರಿ ಪಠ್ಯಕ್ರಮದಲ್ಲಿ ಕಮ್ಯುನಿಟಿ ಸರ್ವಿಸ್ ಪ್ರಾಜೆಕ್ಟ್ ಎಂಬುದನ್ನು ಸೇರಿಸಿತು. ವಿದ್ಯಾರ್ಥಿಯು ಬೇಸಿಗೆ ರಜೆಯಲ್ಲಿ ಊರೊಳಗೆ ಹೋಗಿ ಕನಿಷ್ಠ 180 ಗಂಟೆ ಕೆಲಸ ಮಾಡಬೇಕು, ಮನೆಮನೆಯ ಸ್ಥಿತಿಗತಿ ಕೇಳಿ ಬರೆದುಕೊಳ್ಳಬೇಕು, ವರದಿ ಕೊಡಬೇಕು ಎಂಬುದು ಆಗ ಹೊರಟ ಮಾರ್ಗಸೂಚಿ. ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗ್‌ಬುಕ್, ಅದಕ್ಕೆ ಮಾರ್ಗದರ್ಶಕ ಅಧ್ಯಾಪಕರ ರುಜು, ಕೊನೆಗೆ ಮೌಖಿಕ ಪರೀಕ್ಷೆ ಇವೆಲ್ಲ ಅದರಲ್ಲಿ ಸೇರಿದ್ದವು. ನಿಮ್ಮ ಕಾಲೇಜಿನ ಈ ವರ್ಷದ ನಿಯಮವನ್ನು ಮೊದಲೇ ಕೇಳಿ ತಿಳಿದುಕೊಳ್ಳಿರಿ.

ಒಂದು ಲೆಕ್ಕ ನೋಡೋಣ. ಕುಡಿಯುವ ನೀರಿನ ಬಗ್ಗೆ ನಾಲ್ವರು ಸೇರಿ 60 ಮನೆ ವಿಚಾರಿಸಬೇಕೆಂದು ಇಟ್ಟುಕೊಳ್ಳಿ. ತಲೆಗೆ 15 ಮನೆ. ಒಬ್ಬನು ಬಾರದಿದ್ದರೆ ಉಳಿದ ಮೂವರಿಗೆ 20 ಮನೆ. ಅವನ 15 ಮನೆಗಳ ಖರ್ಚು ಈ ಮೂವರ ಖಾತೆಗೆ ಬಿತ್ತು, ಜಮೆ ಮಾತ್ರ ನಾಲ್ವರಿಗೂ ಸಮನಾಗಿ ಆಯಿತು. ಇಂಥ ಲೆಕ್ಕವನ್ನು ಯಾವ ಅಂಗಡಿಯವನೂ ಒಪ್ಪುವುದಿಲ್ಲ.

ಹೀಗೇಕೆ ಆಗುತ್ತದೆ?

ಹಿಂದುಳಿಯುವವರೆಲ್ಲ ಕೆಟ್ಟವರೆಂದು ತಿಳಿಯಬಾರದು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಎಂಬವರು ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದು, 1913ರಲ್ಲಿ ಅದರ ವಿವರ ಪ್ರಕಟಿಸಿದರು. ಒಬ್ಬನೇ ಎಳೆಯುವಾಗಿನ ಬಲವನ್ನು 100 ಎಂದುಕೊಂಡರೆ, ಇಬ್ಬರಾದಾಗ ತಲೆಗೆ 93, ಮೂವರಾದಾಗ 85, ಎಂಟು ಜನರಾದಾಗ 49 ಮಾತ್ರ! ಎಲ್ಲರ ಎಳೆತ ಒಂದೇ ಹೊತ್ತಿಗೆ ಕೂಡದಿರುವುದು ಇದಕ್ಕೆ ಒಂದು ಕಾರಣ. ಇನ್ನೊಂದನ್ನು ಅಮೆರಿಕದ ಲಟಾನೆ, ವಿಲಿಯಮ್ಸ್, ಹಾರ್ಕಿನ್ಸ್ ಎಂಬವರು ತೋರಿಸಿದರು. 1979ರಲ್ಲಿ ಅವರು ವಿದ್ಯಾರ್ಥಿಗಳಿಂದ ಕೂಗು ಹಾಕಿಸಿ, ಚಪ್ಪಾಳೆ ತಟ್ಟಿಸಿ ಪರೀಕ್ಷಿಸಿದಾಗ, ಗುಂಪಿನಲ್ಲಿದ್ದೇವೆಂದು ತಿಳಿದೊಡನೆ ಒಬ್ಬೊಬ್ಬರ ಶ್ರಮವೂ ತಗ್ಗಿತು. 1981ರ ಪ್ರಯೋಗದಲ್ಲಿ, ಗುಂಪಿನಲ್ಲಿದ್ದರೂ ಒಬ್ಬೊಬ್ಬರ ಸದ್ದನ್ನು ಬೇರೆಬೇರೆಯಾಗಿ ಅಳೆಯುತ್ತೇವೆ ಎಂದಾಗ ಆ ಮೈಗಳ್ಳತನ ಕಾಣಲಿಲ್ಲ.

ನಮ್ಮ ರೈತರಿಗೆ ಇದು ಹೊಸದಲ್ಲ. ಹತ್ತಿ ಬಿಡಿಸಲು ಹೋದ ಆಳುಗಳು ತಂತಮ್ಮ ಗಂಟನ್ನು ಬೇರೆಯಾಗಿಯೇ ತೂಗಿಸುತ್ತಾರೆ, ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುತ್ತಾರೆ. ಕಳೆ ತೆಗೆಯುವಾಗ ತಲೆಗೊಂದು ಸಾಲು ಹಿಡಿದರೆ ಯಾರು ಹಿಂದೆ ಬಿದ್ದರೆಂಬುದು ಹೊಲದ ಬದುವಿನಲ್ಲಿ ನಿಂತವರಿಗೂ ತಿಳಿಯುತ್ತದೆ. ಮುಯ್ಯಾಳಿನಲ್ಲಂತೂ ಇಂದು ಅವರ ಹೊಲಕ್ಕೆ ಹೋದವರ ಹೊಲಕ್ಕೆ ನಾಳೆ ಅವರು ಬರಲೇಬೇಕು. ಸಾಲು ಹಂಚದೆ ಎಲ್ಲರೂ ಮಾಡೋಣ ಎಂದು ಶುರು ಮಾಡಿದ ಪ್ರಾಜೆಕ್ಟಿನಲ್ಲಿಯೇ ಬಿಟ್ಟಿ ಪಾಲುಗಾರ ಹುಟ್ಟುತ್ತಾನೆ.

ಪಾಲುದಾರಿಕೆ ಕಾನೂನಿನ ಪಾಠ

ಕಾಮರ್ಸ್ ಓದುವವರಿಗೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಗೊತ್ತಿರುತ್ತದೆ. ಕಾಲೇಜಿನ ಗುಂಪು ವ್ಯಾಪಾರದ ಪಾಲುದಾರಿಕೆಯಲ್ಲ, ಆದರೂ ಆ ಕಾಯ್ದೆಯ ವಿಚಾರ ಇಲ್ಲಿಗೆ ಹೊಂದುತ್ತದೆ. ಪಾಲುದಾರನು ತನ್ನ ಕರ್ತವ್ಯವನ್ನು ಶ್ರದ್ಧೆಯಿಂದ ಮಾಡಬೇಕೆಂದು 12ನೆಯ ಕಲಮು ಹೇಳುತ್ತದೆ. ಆದರೆ ಬೇರೆ ಕರಾರು ಇಲ್ಲದಿದ್ದರೆ ಲಾಭದಲ್ಲಿ ಎಲ್ಲರಿಗೂ ಸಮಪಾಲು ಎಂದು 13ನೆಯ ಕಲಮು ಹೇಳುತ್ತದೆ. ಅಂದರೆ ಕರಾರು ಮಾಡಿಕೊಳ್ಳದವನು ಕೊನೆಗೆ ಗೋಳಾಡಿ ಫಲವಿಲ್ಲ. ಇನ್ನು 33ನೆಯ ಕಲಮಿನಂತೆ, ಕರಾರಿನಲ್ಲಿ ಅಧಿಕಾರವಿದ್ದು ಅದನ್ನು ಸದ್ಭಾವದಿಂದ ಬಳಸಿದ ಹೊರತು ಬಹುಮತದ ಬಲದಿಂದ ಒಬ್ಬನನ್ನು ಹೊರಹಾಕಲಾಗದು. ಸಿಟ್ಟಿನಲ್ಲಿ ಹೆಸರು ಹೊಡೆದುಹಾಕುವವರು ಇದನ್ನು ನೆನಪಿಡಬೇಕು.

ಮೊದಲು ವಿಚಾರಿಸಿ, ಆಮೇಲೆ ದೂರಿರಿ

ನಮ್ಮ ಭಾಗದಲ್ಲಿ ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಗುಳೆ ಹೋಗುತ್ತಾರೆ. ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲಿಕ್ಕೋ, ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೋ ಹೋದ ಹುಡುಗನನ್ನು ಸೋಮಾರಿ ಎನ್ನಲಾದೀತೆ? ಅವನು ಊರಲ್ಲಿಲ್ಲದಿದ್ದರೆ ಫೋನಿನಲ್ಲಿ ವಿಚಾರಿಸಿ, ಮರಳಿದ ಮೇಲೆ ಮಾಡುವ ಪಾಲನ್ನು ಬರೆದಿಡಿ, ಅಧ್ಯಾಪಕರಿಗೂ ತಿಳಿಸಿ. ಹಾಗೆಯೇ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ವರದಿಗೆ ಇಂಗ್ಲಿಷ್ ಎಂಬ ತೊಡಕಿನಲ್ಲಿ ಸಿಕ್ಕ ಹುಡುಗಿ ಬರೆಯಲು ಹಿಂಜರಿಯಬಹುದು. ಆದರೆ ಮನೆಮನೆಗೆ ಹೋಗಿ ಅಜ್ಜಿಯರನ್ನು ಮಾತನಾಡಿಸುವುದರಲ್ಲಿ ಅವಳೇ ಮುಂದು. ಅದೂ ಕೆಲಸವೇ. ಇದಕ್ಕೆ ತಿರುಗಾಮುರುಗಾ ಆಗಿ, ಬರವಣಿಗೆಯೆಲ್ಲ ಹೆಣ್ಣುಮಕ್ಕಳ ತಲೆಗೆ ಕಟ್ಟಿ ಬೈಕಿನಲ್ಲಿ ಸುತ್ತಾಡುವುದನ್ನೇ ಕೆಲಸವೆಂದು ಬರೆಸುವ ಗಂಡುಮಕ್ಕಳೂ ಇದ್ದಾರೆ. ಆದ್ದರಿಂದ ಎಲ್ಲ ಬಗೆಯ ಕೆಲಸವನ್ನೂ ಮೊದಲೇ ಪಟ್ಟಿ ಮಾಡಬೇಕು.

ಅನುಸರಿಸಬೇಕಾದ ಕ್ರಮ

1. ಮೊದಲ ದಿನವೇ ಒಂದು ಹಾಳೆಯಲ್ಲಿ ಯಾರ ಪಾಲಿಗೆ ಯಾವ ಓಣಿ, ಎಷ್ಟು ಮನೆ, ವರದಿಯ ಯಾವ ಭಾಗ, ಯಾವ ದಿನದೊಳಗೆ ಎಂದು ಬರೆದು ಎಲ್ಲರೂ ರುಜು ಮಾಡಿ, ತಲೆಗೊಂದು ಜೆರಾಕ್ಸ್ ಇಟ್ಟುಕೊಳ್ಳಿ.

2. ದಿನಕ್ಕೆ 6 ಗಂಟೆಯಂತೆ 180 ಗಂಟೆ ಎಂದರೆ 30 ದಿನ. ವಾರಕ್ಕೊಮ್ಮೆ ಕುಳಿತು ಹಾಳೆಯ ಎದುರು ಆದ ಕೆಲಸವನ್ನು ಗುರುತು ಹಾಕಿ.

3. ಕೆಲಸ ಆಗದಿದ್ದಲ್ಲಿ ಬೇರೆಯವರ ಎದುರಿಗಲ್ಲದೆ ಅವನೊಬ್ಬನನ್ನೇ ಕರೆದು ಕೇಳಿ. "ಏನಪ್ಪಾ, ನಿನ್ನ ಪಾಲಿನ ಹದಿನೈದು ಮನೇಲಿ ಒಂದೂ ಆಗಿಲ್ಲಲ್ಲ. ಮನೇಲಿ ಏನಾರ ತೊಂದರೆ ಐತೇನು? ಈ ಶನಿವಾರಕ್ಕೆ ಎಷ್ಟು ಮಾಡ್ತೀ ಹೇಳು" ಎಂದರೆ ಸಾಕು. ವಂಶ, ಜಾತಿ, ಹಳೆಯ ಜಗಳ ಯಾವುದನ್ನೂ ಎತ್ತಬಾರದು.

4. ಎರಡು ವಾರವಾದರೂ ಬದಲಾಗದಿದ್ದರೆ ಅಧ್ಯಾಪಕರ ಬಳಿಗೆ ಹಾಳೆ ಸಮೇತ ಹೋಗಿ. ಅವನಿಗೂ ತಿಳಿಸಿಯೇ ಹೋಗಿ. ಹಿಂದಿನಿಂದ ಹೇಳಿದರೆ ಅದು ಚಾಡಿ, ಎದುರಿಗೆ ಹಾಳೆ ಇಟ್ಟು ಹೇಳಿದರೆ ಅದು ಲೆಕ್ಕ. ವರದಿ ಕೊಡುವ ಹಿಂದಿನ ದಿನ ಹೋದರೆ ಅಧ್ಯಾಪಕರಿಗೂ ಏನೂ ಮಾಡಲು ಬರುವುದಿಲ್ಲ.

5. ಅವನ ಪಾಲನ್ನು ಗುಟ್ಟಾಗಿ ನೀವೇ ಮಾಡಿ ಮುಗಿಸಬೇಡಿ. ವರದಿಯಲ್ಲಿ ಯಾರು ಏನು ಮಾಡಿದರೆಂಬ ಒಂದು ಪುಟ ಸೇರಿಸಿ, ಇದ್ದದ್ದನ್ನು ಇದ್ದಂತೆ ಬರೆಯಿರಿ.

ಸ್ನೇಹ ದೊಡ್ಡದೋ, ಲೆಕ್ಕ ದೊಡ್ಡದೋ?

"ಒಂದೇ ಊರಿನವನು, ಸಂಬಂಧಿಕರ ಹುಡುಗ, ಹೇಗೆ ಹೇಳಲಿ?" ಎಂದು ಕೇಳುವವರಿದ್ದಾರೆ. ಇದು ಬರೀ ಅಂಕಗಳ ಪ್ರಶ್ನೆಯಲ್ಲ. ಬಾರದವನು ಕೊನೆಯ ರಾತ್ರಿ ಮನೆಯಲ್ಲೇ ಕುಳಿತು 15 ಫಾರಂ ತುಂಬಿ ತಂದನೆನ್ನಿ. ನಲ್ಲಿಗೆ ನೀರು ಬಾರದ ಓಣಿಯಲ್ಲಿ ದಿನಾ ನೀರು ಬರುತ್ತದೆಂದು ಬರೆದಿರುತ್ತಾನೆ. ಗೊತ್ತಿದ್ದೂ ಅದನ್ನು ವರದಿಗೆ ಸೇರಿಸಿದರೆ, ಬಿಂದಿಗೆ ಹೊತ್ತು ದೂರ ನಡೆಯುವ ತಾಯಂದಿರ ಕಷ್ಟವನ್ನು ನಾವೇ ಅಳಿಸಿಹಾಕಿದಂತೆ. ಅವನಿಗೂ ಇದರಿಂದ ಉಪಕಾರವಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನೆ ಬಂದಾಗ ಅವನ ಬದಲು ಬೇರೆ ಯಾರೂ ಉತ್ತರ ಹೇಳಲಾಗದು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬನ್ನಿರೆಂದು ಲಕ್ಕಮ್ಮನವರು ಹೇಳಿದ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಆಕೆ ಗಂಡನನ್ನು ಬಿಡಲಿಲ್ಲ, ಸುಮ್ಮನೂ ಇರಲಿಲ್ಲ. ಜೊತೆಗಾರನಿಗೆ ಹೇಳುವ ರೀತಿಯೂ ಹಾಗೆಯೇ ಇರಬೇಕು.

ಅಭ್ಯಾಸಕ್ಕೆ

ತಂದೆತಾಯಿಗಳು ಮಕ್ಕಳೊಂದಿಗೆ ಕುಳಿತು ಇವನ್ನು ಚರ್ಚಿಸಬೇಕಾಗಿ ವಿನಂತಿ.

1. ನಿಮ್ಮ ಗುಂಪಿನಲ್ಲಿ ಯಾರ ಪಾಲು ಎಷ್ಟೆಂದು ಬರೆದಿಟ್ಟಿದ್ದೀರಾ?

2. ಬಾರದ ಜೊತೆಗಾರನ ಮನೆಗೆ ಒಮ್ಮೆಯಾದರೂ ಹೋಗಿ ಕಾರಣ ಕೇಳಿದ್ದೀರಾ?

3. ಗುಂಪಿನಲ್ಲಿ ಹಿಂದೆ ಬಿದ್ದವರು ನೀವೇ ಆಗಿದ್ದರೆ, ಈ ವಾರ ಯಾವ ಸಾಲು ಹಿಡಿಯುತ್ತೀರಿ?

— ಕಾರ್ಯದರ್ಶಿ